ಸರ್ವಋತು ಟೈರು ಮತ್ತು ಅದರ ನೂತನ ಆವೃತ್ತಿ: ಒಂದು ತುಲನಾತ್ಮಕ ವಿವೇಚನೆ

ಒಂದೇ ಹೆಸರಿನ ಟೈರು ಮೂರು ನಾಲ್ಕು ವರ್ಷಗಳಿಗೊಮ್ಮೆ ಹೊಸದೊಂದು ಅಂಕೆಯನ್ನೋ ಅಕ್ಷರವನ್ನೋ ತಗುಲಿಸಿಕೊಂಡು ಮಾರುಕಟ್ಟೆಗೆ ಮರಳಿ ಬರುವುದು ಈಗ ವಾಡಿಕೆಯಾಗಿದೆ. ಹಿಂದಿನದಕ್ಕಿಂತ ಇದು ಮೇಲು ಎಂದು ತಯಾರಕರು ಸಾರುತ್ತಾರೆ. ಆದರೆ ಯಾವ ಗುಣದಲ್ಲಿ ಮೇಲು, ಎಷ್ಟರಮಟ್ಟಿಗೆ ಮೇಲು, ಯಾವ ಊರಿನ ರಸ್ತೆಯ ಮೇಲೆ ಮೇಲು ಎಂಬ ಮೂರು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳುವವರು ವಿರಳ. ಈ ಮೂರರಲ್ಲಿ ಕೊನೆಯದೇ ಮುಖ್ಯವೆಂಬುದು ಪ್ರಸ್ತುತ ಲೇಖನದ ಅಭಿಪ್ರಾಯ. ಎರಡು ಟೈರುಗಳ ಹೋಲಿಕೆಯ ಫಲ ಅರ್ಧದಷ್ಟು ಟೈರಿನಲ್ಲಿ ಅಡಗಿದ್ದರೆ, ಉಳಿದರ್ಧ ಅದು ಉರುಳುವ ನೆಲ, ನೀರು, ಬಿಸಿಲುಗಳಲ್ಲಿ ಅಡಗಿದೆ. ಬೇರೊಂದು ಹವೆಯಲ್ಲಿ ನಡೆದ ಹೋಲಿಕೆಯ ತೀರ್ಪನ್ನು ಮೈಸೂರಿಗೆ ಹಾಗೆಯೇ ಎತ್ತಿ ತಂದರೆ ಅದು ತೀರ್ಪಾಗಿ ಉಳಿಯುವುದಿಲ್ಲ.

ಟೈರಿನ ಶಾಸ್ತ್ರ ಮೈಸೂರಿಗೆ ಪರಕೀಯವಾದುದಲ್ಲ. ಮೇಟಗಳ್ಳಿಯ ಕಡೆ ವಿಕ್ರಾಂತ್ ಟೈರ್ಸ್ ಎಂಬ ಹೆಸರಿನಿಂದ ಪ್ರಾರಂಭವಾದ ಕಾರ್ಖಾನೆ 1997ರಲ್ಲಿ ಜೆ.ಕೆ. ಸಂಸ್ಥೆಯ ವಶಕ್ಕೆ ಬಂದು, ಇಂದು ಲಾರಿ ಬಸ್ಸುಗಳ ರೇಡಿಯಲ್ ಟೈರುಗಳಿಗೆ ಹೆಸರಾಗಿದೆ. ಆ ಸಂಸ್ಥೆಯ ಸಂಶೋಧನ ಕೇಂದ್ರವೂ ಈ ನಗರದಲ್ಲಿಯೇ ಇದೆ. ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಲಿಮರ್ ವಿಜ್ಞಾನವನ್ನು ಬೋಧಿಸುವ ವಿಭಾಗವಿದೆ. ಹೀಗಿದ್ದರೂ ನಮ್ಮ ಪದವಿ ತರಗತಿಗಳಲ್ಲಿ ಘರ್ಷಣೆಯ ಪಾಠ ಮರದ ತುಂಡು ಮತ್ತು ಇಳಿಜಾರು ಹಲಗೆಗಳಾಚೆಗೆ ಹೋಗುವುದು ಅಪರೂಪ. ಘರ್ಷಣ ಗುಣಕವು ಸಂಪರ್ಕದ ವಿಸ್ತೀರ್ಣವನ್ನೂ ವೇಗವನ್ನೂ ಅವಲಂಬಿಸುವುದಿಲ್ಲವೆಂದು ಅಲ್ಲಿ ಕಲಿಸುತ್ತೇವೆ. ರಬ್ಬರಿನ ವಿಷಯದಲ್ಲಿ ಈ ಎರಡು ಮಾತುಗಳೂ ನಿಲ್ಲುವುದಿಲ್ಲ. ಅವು ನಿಲ್ಲದಿರುವುದರಿಂದಲೇ ಟೈರಿನಲ್ಲಿ ಹಳೆಯದು ಹೊಸದು ಎಂಬ ಭೇದಕ್ಕೆ ಎಡೆಯುಂಟಾಗಿದೆ.

ಮೊದಲಿಗೆ ಹೆಸರಿನ ವಿಚಾರ. ‘ಆಲ್ ಸೀಸನ್’ ಎಂದರೆ ಸರ್ವಋತು ಎಂದು ಅರ್ಥವಾದರೂ, ಆ ಹೆಸರು ಹುಟ್ಟಿದ ಉತ್ತರ ಅಮೆರಿಕದಲ್ಲಿ ಅದರ ನಿಜವಾದ ಇಂಗಿತ ಒಂದೇ: ಹಿಮ ಬಿದ್ದಾಗಲೂ ಈ ಟೈರನ್ನು ಕಳಚಬೇಕಾಗಿಲ್ಲ. ಅಲ್ಲಿ ಬೇಸಗೆಗೊಂದು, ಚಳಿಗಾಲಕ್ಕೊಂದು ಜೊತೆ ಟೈರುಗಳನ್ನು ಇಟ್ಟುಕೊಳ್ಳುವ ತೊಂದರೆಯನ್ನು ತಪ್ಪಿಸಲು ಹುಟ್ಟಿದ ಮಧ್ಯಮ ಮಾರ್ಗವಿದು. ಬೇಸಗೆಯ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಿರುಸಾಗತೊಡಗುತ್ತದೆಂದು ಆ ಉದ್ಯಮದವರು ಸ್ಥೂಲವಾಗಿ ಎಣಿಸುತ್ತಾರೆ. ಮೈಸೂರಿನಲ್ಲಿ ಜನವರಿಯ ಮುಂಜಾವಿನಲ್ಲಿಯೂ ಪಾದರಸ 10 ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪ. ಏಪ್ರಿಲ್ ತಿಂಗಳ ಮಧ್ಯಾಹ್ನ ಗಾಳಿಯ ಉಷ್ಣತೆ 34–35 ಡಿಗ್ರಿಗೆ ಏರಿದಾಗ ಡಾಂಬರಿನ ಮೈ 50 ಡಿಗ್ರಿಯನ್ನು ದಾಟಬಲ್ಲದು. ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಬೀಳುವ ಮಳೆಯಲ್ಲಿ ಹೆಚ್ಚಿನ ಪಾಲು ಮೇ ತಿಂಗಳ ಮತ್ತು ಅಕ್ಟೋಬರ್ ತಿಂಗಳ ಆಸುಪಾಸಿನಲ್ಲಿ, ಸಂಜೆಯ ಬಿರುಸು ಮಳೆಯಾಗಿ ಸುರಿಯುತ್ತದೆ. ಆದುದರಿಂದ ನಮ್ಮಲ್ಲಿ ಸರ್ವಋತುವೆಂದರೆ ಬಿಸಿ ನೆಲ ಮತ್ತು ಬಿಸಿ ನೆಲದ ಮೇಲೆ ಹಠಾತ್ತಾಗಿ ನಿಂತ ನೀರು, ಇವೆರಡೇ. ನಮ್ಮ ಅಂಗಡಿಗಳಲ್ಲಿ ಎಲ್ಲ ಕಾಲಕ್ಕೂ ಆಗುವುದೆಂದು ಹೇಳಿ ಮಾರುವ ಸಾಮಾನ್ಯ ಕಾರು ಟೈರುಗಳಲ್ಲಿ ಬಹುಪಾಲು ಶಾಸ್ತ್ರದ ವರ್ಗೀಕರಣದಲ್ಲಿ ಬೇಸಗೆಯ ಜಾತಿಗೆ ಸೇರಿದವು. ಅದರಲ್ಲಿ ಮೋಸವೇನೂ ಇಲ್ಲ. ನಮಗೆ ಇರುವುದು ಆ ಕಾಲಗಳೇ.

ಹಿಮದ ಮೇಲಿನ ಹಿಡಿತವನ್ನು ಟೈರಿಗೆ ತಂದುಕೊಡುವ ಉಪಾಯಗಳು ಎರಡು. ಟ್ರೆಡ್ ಎಂದು ಕರೆಯುವ ಮೇಲ್ಪದರದ ರಬ್ಬರಿನ ಮಿಶ್ರಣವನ್ನು ಚಳಿಯಲ್ಲಿಯೂ ಮೆದುವಾಗಿ ಉಳಿಯುವಂತೆ ಕಲಸುವುದು ಒಂದು. ಆ ಪದರದ ಗಟ್ಟಿಗಳ ಮೇಲೆ ಸೈಪ್ ಎಂಬ ಕಿರುಸೀಳುಗಳನ್ನು ಒತ್ತೊತ್ತಾಗಿ ಕೊರೆದು, ಹಿಮವನ್ನು ಕಚ್ಚುವ ಅಂಚುಗಳನ್ನು ಹೆಚ್ಚಿಸುವುದು ಇನ್ನೊಂದು. ಬಿಸಿ ನೆಲದಲ್ಲಿ ಎರಡಕ್ಕೂ ಬೆಲೆ ತೆರಬೇಕಾಗುತ್ತದೆ. ಮೆದು ಮಿಶ್ರಣ ಬೇಗ ಸವೆಯುತ್ತದೆ. ಸೀಳಿದ ಗಟ್ಟಿಗಳು ಬ್ರೇಕು ಒತ್ತಿದಾಗ ಬಾಗಿ ತುಯ್ದಾಡಿ ಕಾಯುತ್ತವೆ. ನೂತನ ಆವೃತ್ತಿಯ ಹೆಗ್ಗಳಿಕೆ ‘ಹಿಮದಲ್ಲಿ ಹಿಂದಿನದಕ್ಕಿಂತ ಉತ್ತಮ’ ಎಂಬುದಾಗಿದ್ದರೆ, ಮೈಸೂರಿನವರಿಗೆ ಅದು ಲಾಭವಲ್ಲದಿರುವುದು ಮಾತ್ರವಲ್ಲ, ಕೆಲವೊಮ್ಮೆ ನಷ್ಟವೂ ಆಗಬಹುದು.

ಇಲ್ಲಿ ರಬ್ಬರಿನ ಸ್ವಭಾವವನ್ನು ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ. ರಬ್ಬರನ್ನು ಎಳೆದು ಬಿಟ್ಟಾಗ ನಾವು ವ್ಯಯಿಸಿದ ಶಕ್ತಿಯಲ್ಲಿ ಒಂದು ಭಾಗ ಹಿಂದಿರುಗುತ್ತದೆ, ಇನ್ನೊಂದು ಭಾಗ ಶಾಖವಾಗಿ ಕಳೆದುಹೋಗುತ್ತದೆ. ಕಳೆದ ಭಾಗಕ್ಕೂ ಮರಳಿದ ಭಾಗಕ್ಕೂ ಇರುವ ಸಂಬಂಧವನ್ನು ‘ಟ್ಯಾನ್ ಡೆಲ್ಟ’ ಎಂಬ ಸಂಖ್ಯೆಯಿಂದ ಸೂಚಿಸುವುದು ರೂಢಿ. ಟೈರು ಸುಮ್ಮನೆ ಉರುಳುವಾಗ ಈ ನಷ್ಟ ಕಡಿಮೆಯಾಗಿರಬೇಕು. ಇಲ್ಲವಾದರೆ ಪೆಟ್ರೋಲು ರಬ್ಬರನ್ನು ಕಾಯಿಸುವುದರಲ್ಲಿ ಖರ್ಚಾಗುತ್ತದೆ. ಬ್ರೇಕು ಹಿಡಿದಾಗ ಇದೇ ನಷ್ಟ ಹೆಚ್ಚಾಗಿರಬೇಕು; ಏಕೆಂದರೆ ರಸ್ತೆಯ ಜಲ್ಲಿಯ ಸೂಕ್ಷ್ಮವಾದ ಉಬ್ಬುತಗ್ಗುಗಳ ಮೇಲೆ ರಬ್ಬರು ಜಾರುತ್ತ ಶಕ್ತಿಯನ್ನು ನುಂಗುವುದೇ ಒದ್ದೆ ನೆಲದ ಹಿಡಿತಕ್ಕೆ ಮುಖ್ಯ ಕಾರಣ. ಒಂದೇ ವಸ್ತುವಿನಿಂದ ಪರಸ್ಪರ ವಿರುದ್ಧವಾದ ಎರಡು ಗುಣಗಳನ್ನು ಬಯಸಿದಂತಾಯಿತು.

ಈ ಒಗಟಿಗೆ ಪರಿಹಾರ ಆವರ್ತನದಲ್ಲಿದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಕಾರಿನ ಚಕ್ರ ಸೆಕೆಂಡಿಗೆ ಸುಮಾರು 15 ಸುತ್ತು ಸುತ್ತುತ್ತದೆ. ಉರುಳುವಿಕೆಯಿಂದ ರಬ್ಬರು ಬಾಗಿ ನೆಟ್ಟಗಾಗುವ ಆವರ್ತನವೂ ಆ ಪ್ರಮಾಣದ್ದೇ. ಜಲ್ಲಿಯ ಮೊನೆಗಳ ಮೇಲೆ ಜಾರುವಾಗಲಾದರೋ ಆವರ್ತನ ಸಾವಿರಗಳಿಂದ ಲಕ್ಷಗಳವರೆಗೆ ಏರುತ್ತದೆ. ಅಧಿಕ ಆವರ್ತನ ರಬ್ಬರಿನ ಮೇಲೆ ಮಾಡುವ ಪರಿಣಾಮವನ್ನು ಉಷ್ಣತೆಯನ್ನು ಇಳಿಸುವುದರಿಂದಲೂ ಪಡೆಯಬಹುದೆಂಬುದು ಪಾಲಿಮರ್ ಭೌತಶಾಸ್ತ್ರದ ಒಂದು ಸುಪ್ರಸಿದ್ಧ ತತ್ತ್ವ. ಆದುದರಿಂದ ಪ್ರಯೋಗಶಾಲೆಯಲ್ಲಿ ಮಂದವಾಗಿ ಅಲುಗಿಸುತ್ತ, 0 ಡಿಗ್ರಿಯ ಸಮೀಪದಲ್ಲಿ ಅಳೆದ ಟ್ಯಾನ್ ಡೆಲ್ಟ ಒದ್ದೆ ಹಿಡಿತವನ್ನೂ, 60 ಡಿಗ್ರಿಯ ಸಮೀಪದಲ್ಲಿ ಅಳೆದದ್ದು ಉರುಳು ಪ್ರತಿರೋಧವನ್ನೂ ಸೂಚಿಸುತ್ತವೆ. ಮೊದಲನೆಯದು ಹೆಚ್ಚಾಗಿಯೂ ಎರಡನೆಯದು ಕಡಿಮೆಯಾಗಿಯೂ ಇರುವ ಮಿಶ್ರಣವನ್ನು ಕಂಡುಹಿಡಿಯುವುದೇ ಟೈರು ರಸಾಯನಜ್ಞನ ನಿತ್ಯದ ಕಾಯಕ. ಬಹುಕಾಲ ರಬ್ಬರಿಗೆ ಬಲ ಕೊಡುತ್ತಿದ್ದುದು ಕಾರ್ಬನ್ ಬ್ಲ್ಯಾಕ್ ಎಂಬ ಮಸಿ. ಅದರ ಬಹುಭಾಗವನ್ನು ತೆಗೆದು ಸಿಲಿಕವನ್ನು ಸೇರಿಸಿ, ರಬ್ಬರಿಗೂ ಸಿಲಿಕಕ್ಕೂ ಸಿಲೇನ್ ಎಂಬ ಸಂಯುಕ್ತದಿಂದ ಬೆಸುಗೆ ಹಾಕುವ ಕ್ರಮವನ್ನು ಮಿಷೆಲಿನ್ ಸಂಸ್ಥೆ 1992ರಲ್ಲಿ ಮಾರುಕಟ್ಟೆಗೆ ತಂದಿತು. ಅಂದಿನಿಂದ ಕಾರು ಟೈರುಗಳ ಹೊಸ ಆವೃತ್ತಿಗಳಲ್ಲಿ ಕಂಡುಬರುವ ಸುಧಾರಣೆಯ ದೊಡ್ಡ ಪಾಲು ಈ ಸಿಲಿಕ ಮಿಶ್ರಣಗಳನ್ನು ಹದಗೊಳಿಸುವುದರಿಂದ ಬಂದದ್ದು. ಕಣ್ಣಿಗೆ ಕಾಣುವ ತೋಡುಗಳ ವಿನ್ಯಾಸಕ್ಕೆ ಗ್ರಾಹಕ ಕೊಡುವ ಗಮನದಲ್ಲಿ ಕಾಲುಭಾಗವನ್ನೂ ಕಾಣದ ಮಿಶ್ರಣಕ್ಕೆ ಕೊಡುವುದಿಲ್ಲವೆಂಬುದು ವಿಷಾದದ ಸಂಗತಿ.

ಈಗ ಒಂದು ನಿಜವಾದ ಜೋಡಿಯನ್ನು ತೆಗೆದುಕೊಳ್ಳೋಣ. ಮುಖ್ಯವಾಗಿ ಉತ್ತರ ಅಮೆರಿಕದ ಮಾರುಕಟ್ಟೆಗಾಗಿ ಅದೇ ಮಿಷೆಲಿನ್ ಸಂಸ್ಥೆ ‘ಪೈಲಟ್ ಸ್ಪೋರ್ಟ್ ಎ/ಎಸ್ 3+’ ಎಂಬ ವೇಗದ ಕಾರುಗಳ ಸರ್ವಋತು ಟೈರನ್ನು 2017ರಲ್ಲಿ ಹೊರತಂದು, 2020ರಲ್ಲಿ ಅದರ ಸ್ಥಾನದಲ್ಲಿ ‘ಪೈಲಟ್ ಸ್ಪೋರ್ಟ್ ಆಲ್ ಸೀಸನ್ 4’ ಎಂಬುದನ್ನು ತಂದಿತು. ಅಮೆರಿಕದ ಕಾನೂನಿನಂತೆ ಟೈರಿನ ಪಕ್ಕೆಯ ಮೇಲೆ ಅಚ್ಚೊತ್ತಬೇಕಾದ ದರ್ಜೆಗಳಲ್ಲಿ ಸವೆತದ ಅಂಕ ಹಳೆಯದಕ್ಕೆ 500, ಹೊಸದಕ್ಕೆ 540. ಹೊಸದು ಶೇಕಡ 8ರಷ್ಟು ಹೆಚ್ಚು ಬಾಳುತ್ತದೆಂದು ಓದುಗನಿಗೆ ತೋರುವುದು ಸಹಜ. ಆದರೆ ತಯಾರಕರು ಕೊಟ್ಟ ಬಾಳಿಕೆಯ ಭರವಸೆ ಎರಡಕ್ಕೂ ಒಂದೇ, 45,000 ಮೈಲಿ, ಎಂದರೆ ಸುಮಾರು 72,000 ಕಿಲೋಮೀಟರ್. ಅಂಕ ಏರಿತು, ಭರವಸೆ ಏರಲಿಲ್ಲ.

ಇದರ ಕಾರಣ ಅಂಕ ಹುಟ್ಟುವ ಕ್ರಮದಲ್ಲಿದೆ. ಪಶ್ಚಿಮ ಟೆಕ್ಸಾಸಿನ ಸಾರ್ವಜನಿಕ ರಸ್ತೆಗಳಲ್ಲಿ ಸುಮಾರು 640 ಕಿಲೋಮೀಟರ್ ಉದ್ದದ ಒಂದು ಗೊತ್ತಾದ ಮಾರ್ಗವಿದೆ. ಪರೀಕ್ಷಿಸಬೇಕಾದ ಟೈರುಗಳನ್ನೂ 100 ಎಂಬ ಅಂಕವುಳ್ಳ ಪ್ರಮಾಣ ಟೈರುಗಳನ್ನೂ ತೊಟ್ಟ ಕಾರುಗಳು ಸಾಲಾಗಿ ಆ ಮಾರ್ಗದಲ್ಲಿ ಒಟ್ಟು 7,200 ಮೈಲಿ ಓಡುತ್ತವೆ. ಕಂಡ ಸವೆತವನ್ನು ಮುಂದಕ್ಕೆ ವಿಸ್ತರಿಸಿ, ತಯಾರಕರೇ ಅಂಕವನ್ನು ನಿರ್ಧರಿಸುತ್ತಾರೆ. ಪರೀಕ್ಷೆ ತೋರಿಸಿದುದಕ್ಕಿಂತ ಕಡಿಮೆ ಅಂಕವನ್ನು ನಮೂದಿಸಲು ಅವರಿಗೆ ಸ್ವಾತಂತ್ರ್ಯವುಂಟು. ಹೀಗಿರುವಲ್ಲಿ ಬೇರೆ ಬೇರೆ ಸಂಸ್ಥೆಗಳ ಟೈರುಗಳನ್ನು ಈ ಅಂಕದಿಂದ ಹೋಲಿಸುವುದು ಸಾಧುವಲ್ಲ. ಒಂದೇ ಸಂಸ್ಥೆಯ ಎರಡು ಆವೃತ್ತಿಗಳ ನಡುವೆ ಅದಕ್ಕೆ ಕೊಂಚ ಅರ್ಥವಿದೆ. ಟೆಕ್ಸಾಸಿನ ಆ ಮಾರ್ಗಕ್ಕೂ ನಮ್ಮ ಹುಣಸೂರು ರಸ್ತೆಯ ಉಬ್ಬುಗಳಿಗೂ ಸಂಬಂಧವೇನೆಂಬುದನ್ನು ವಾಚಕರೇ ಊಹಿಸಬಹುದು.

ಹಿಡಿತದ ದರ್ಜೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಒದ್ದೆ ಡಾಂಬರು ಮತ್ತು ಒದ್ದೆ ಕಾಂಕ್ರೀಟಿನ ಮೇಲೆ ಗಂಟೆಗೆ 40 ಮೈಲಿ ವೇಗದಲ್ಲಿ, ಚಕ್ರವನ್ನು ಸಂಪೂರ್ಣವಾಗಿ ತಡೆದು ಎಳೆದಾಗ ದೊರೆತ ಘರ್ಷಣ ಗುಣಕದಿಂದ ಆ ದರ್ಜೆಯನ್ನು ಗೊತ್ತುಮಾಡುತ್ತಾರೆ. ಡಾಂಬರಿನ ಮೇಲೆ 0.54, ಕಾಂಕ್ರೀಟಿನ ಮೇಲೆ 0.38 ಮೀರಿದರೆ ಅತ್ಯುಚ್ಚವಾದ ‘ಎಎ’ ದರ್ಜೆ. ಆದರೆ ಇಂದಿನ ಕಾರುಗಳಲ್ಲಿ ಚಕ್ರ ಸಿಕ್ಕಿಕೊಂಡು ಜಾರದಂತೆ ತಡೆಯುವ ಎಬಿಎಸ್ ಏರ್ಪಾಡು ಇರುತ್ತದೆ. ಭಾರತದಲ್ಲಿ 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರುಗಳಿಗೂ ಅದು ಕಡ್ಡಾಯ. ಜಾರುವುದಕ್ಕೆ ಮುಂಚಿನ ಗರಿಷ್ಠ ಹಿಡಿತವನ್ನು ಬಳಸಿಕೊಳ್ಳುವುದು ಆ ಏರ್ಪಾಡಿನ ಉದ್ದೇಶ. ಹಾಗಾದರೆ ಪಕ್ಕೆಯ ಮೇಲಿನ ದರ್ಜೆ ಅಳೆದದ್ದು ಒಂದನ್ನು, ನಮ್ಮ ಕಾರು ಬಳಸುವುದು ಇನ್ನೊಂದನ್ನು. ಹಳೆಯ ಆವೃತ್ತಿಗೂ ಹೊಸದಕ್ಕೂ ಒಂದೇ ದರ್ಜೆ ಇದ್ದ ಮಾತ್ರಕ್ಕೆ ಅವು ಸಮವೆಂದು ಭಾವಿಸಲಾಗದು.

ಈ ದೃಷ್ಟಿಯಿಂದ ನಮ್ಮ ದೇಶದ ನಿಯಮ ಮೇಲಾದುದು. ಉರುಳು ಪ್ರತಿರೋಧ, ಒದ್ದೆ ಹಿಡಿತ, ಉರುಳುವ ಸದ್ದು ಈ ಮೂರಕ್ಕೂ ಮಿತಿಗಳನ್ನು ವಿಧಿಸುವ ಎಐಎಸ್-142 ಎಂಬ ಮಾನಕವನ್ನು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಿಂದ ಹೊಸ ವಿನ್ಯಾಸದ ಟೈರುಗಳಿಗೆ ಅನ್ವಯಿಸಿತು. ಇದು ಯೂರೋಪಿನಲ್ಲಿ ಬಳಕೆಯಲ್ಲಿರುವ ವಿಶ್ವಸಂಸ್ಥೆಯ 117ನೆಯ ನಿಯಮವನ್ನು ಅನುಸರಿಸಿದ್ದು. ಅಲ್ಲಿ ಒದ್ದೆ ಹಿಡಿತವನ್ನು ಒಂದು ಪ್ರಮಾಣ ಟೈರಿನ ಹಿಡಿತದೊಡನೆ ಹೋಲಿಸಿದ ಭಾಗಲಬ್ಧವಾಗಿ ಹೇಳುತ್ತಾರೆ. ಸಾಮಾನ್ಯ ಕಾರು ಟೈರಿಗೆ ಅದು 1.1ಕ್ಕಿಂತ ಕಡಿಮೆ ಇರಬಾರದು. ಕಾರಿನಿಂದಲೇ ಪರೀಕ್ಷಿಸುವ ಕ್ರಮದಲ್ಲಿ ವೇಗ ಗಂಟೆಗೆ 80 ಕಿಲೋಮೀಟರ್‌ನಿಂದ 20ಕ್ಕೆ ಇಳಿಯುವವರೆಗಿನ ಸರಾಸರಿ ವೇಗಾಪಕರ್ಷವನ್ನು ಅಳೆಯಲಾಗುತ್ತದೆ. ಕ್ರಮ ನಿರ್ದುಷ್ಟವಾದುದು. ಆದರೂ ಸಾಮಾನ್ಯ ಟೈರುಗಳಿಗೆ ಆ ಪರೀಕ್ಷೆಯ ಒದ್ದೆ ನೆಲದ ಉಷ್ಣತೆ 5ರಿಂದ 35 ಡಿಗ್ರಿಗಳ ನಡುವೆ ಇರತಕ್ಕದ್ದು ಎಂಬುದನ್ನು ಮರೆಯಬಾರದು. ಮೇ ತಿಂಗಳ ಸಂಜೆ ಮೊದಲ ಹನಿಗಳು ಬಿದ್ದು, ಬೇಸಗೆಯಲ್ಲೆಲ್ಲ ಕೂಡಿದ ಧೂಳೂ ಎಣ್ಣೆಯೂ ನೀರಿನೊಡನೆ ಕಲಸಿ ಲೇಪವಾದ ಬಿಸಿ ನೆಲ ಆ ಅವಧಿಯ ಮೇಲ್ತುದಿಯ ಆಚೆಗಿದೆ.

ಹಿಡಿತದಲ್ಲಿ ಸ್ವಲ್ಪ ವ್ಯತ್ಯಾಸವಿದ್ದರೆ ಏನು ಮಹಾ ಎಂದು ಕೇಳುವವರಿಗೆ ಒಂದು ಚಿಕ್ಕ ಲೆಕ್ಕ ಸಾಕು. ಹಳೆಯ ಆವೃತ್ತಿಯ ಒದ್ದೆ ಘರ್ಷಣ ಗುಣಕ 0.75 ಎಂದೂ ಹೊಸದರದು 0.80 ಎಂದೂ ಕಲ್ಪಿಸಿಕೊಳ್ಳೋಣ. ಗಂಟೆಗೆ 80 ಕಿಲೋಮೀಟರ್ ವೇಗದಿಂದ ಹೊಸ ಟೈರಿನ ಕಾರು ಸುಮಾರು 31.5 ಮೀಟರಿನಲ್ಲಿ ನಿಲ್ಲುತ್ತದೆ, ಹಳೆಯದು 33.6 ಮೀಟರಿನಲ್ಲಿ. ಅಂತರ ಎರಡು ಮೀಟರ್ ಮಾತ್ರ. ಆದರೆ ಹೊಸ ಟೈರಿನ ಕಾರು ನಿಂತ ಸ್ಥಳದಲ್ಲಿ ಹಳೆಯ ಟೈರಿನ ಕಾರಿನ ವೇಗ ಇನ್ನೂ ಎಷ್ಟು ಉಳಿದಿರುತ್ತದೆ? ಆರಂಭದ ವೇಗವನ್ನು, ಒಂದರಿಂದ ಗುಣಕಗಳ ಭಾಗಲಬ್ಧವನ್ನು ಕಳೆದುದರ ವರ್ಗಮೂಲದಿಂದ ಗುಣಿಸಬೇಕು. 0.75ನ್ನು 0.80ರಿಂದ ಭಾಗಿಸಿ ಒಂದರಿಂದ ಕಳೆದರೆ ಹದಿನಾರರಲ್ಲೊಂದು ಪಾಲು. ಅದರ ವರ್ಗಮೂಲ ನಾಲ್ಕರಲ್ಲೊಂದು. ಎಂದರೆ ಗಂಟೆಗೆ 20 ಕಿಲೋಮೀಟರ್ ವೇಗ. ಹೆದ್ದಾರಿಯ 100 ಕಿಲೋಮೀಟರ್ ವೇಗಕ್ಕೆ ಇದೇ ಲೆಕ್ಕ 25ನ್ನು ಕೊಡುತ್ತದೆ. ಆ ಎರಡು ಮೀಟರುಗಳ ನಡುವೆ ಒಬ್ಬ ಪಾದಚಾರಿ ಇದ್ದರೆ, ಒಂದು ಕಾರು ಅವನ ಮುಂದೆ ನಿಲ್ಲುತ್ತದೆ, ಇನ್ನೊಂದು ಅವನ ಕಾಲು ಮುರಿಯುವ ವೇಗದಿಂದ ಬಡಿಯುತ್ತದೆ. ಟೈರುಗಳ ಹೋಲಿಕೆ ಹಣದ ಲೆಕ್ಕವಷ್ಟೇ ಅಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನೀರು ತೆಳುವಾದ ಲೇಪದಂತೆ ಇದ್ದಾಗ ಮಿಶ್ರಣದ ಗುಣ ಮುಖ್ಯ; ನೀರು ನಿಂತಾಗ ತೋಡುಗಳ ಆಳ ಮುಖ್ಯ. 20 ಸೆಂಟಿಮೀಟರ್ ಅಗಲದ ಟೈರು 3 ಮಿಲಿಮೀಟರ್ ನೀರಿನ ಮೇಲೆ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಸಾಗಿದರೆ, ಸೆಕೆಂಡಿಗೆ ಸುಮಾರು 17 ಲೀಟರ್ ನೀರು ಅದರ ದಾರಿಗೆ ಅಡ್ಡಬರುತ್ತದೆ. ಪ್ರತಿ ಸೆಕೆಂಡಿಗೂ ಒಂದು ಕೊಡದಷ್ಟು ನೀರನ್ನು ಪ್ರತಿಯೊಂದು ಮುಂಚಕ್ರವೂ ಹೊರಹಾಕಬೇಕು; ರಬ್ಬರಿನ ಒಂದು ಬಿಂದು ನೆಲದ ಮೇಲಿರುವ ಕಾಲವೋ ಸೆಕೆಂಡಿನ ಇನ್ನೂರರಲ್ಲೊಂದು ಭಾಗ. ಹೊರಹಾಕಲಾಗದಿದ್ದರೆ ಟೈರು ನೀರಿನ ಮೇಲೆ ತೇಲುತ್ತದೆ, ಚುಕ್ಕಾಣಿ ಹಗುರಾಗುತ್ತದೆ, ಬ್ರೇಕು ನಿಷ್ಪ್ರಯೋಜಕವಾಗುತ್ತದೆ. ಅಮೆರಿಕದ ನಾಸಾ ಸಂಸ್ಥೆಯ ಹಾರ್ನ್ ಮತ್ತು ಡ್ರೆಹರ್ ಎಂಬ ವಿಜ್ಞಾನಿಗಳು 1963ರಲ್ಲಿ ವಿಮಾನದ ಟೈರುಗಳನ್ನು ಕುರಿತು ಪ್ರಕಟಿಸಿದ ಸೂತ್ರ ಇಂದಿಗೂ ಸ್ಥೂಲ ಅಂದಾಜಿಗೆ ಉಪಯುಕ್ತ. ಟೈರಿನೊಳಗಿನ ಒತ್ತಡವನ್ನು ಪೆಟ್ರೋಲ್ ಬಂಕಿನಲ್ಲಿ ಹೇಳುವಂತೆ ಪೌಂಡುಗಳಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 16.7ರಿಂದ ಗುಣಿಸಿದರೆ ತೇಲುವ ವೇಗ ಗಂಟೆಗೆ ಕಿಲೋಮೀಟರುಗಳಲ್ಲಿ ದೊರೆಯುತ್ತದೆ. 32 ಪೌಂಡಿಗೆ ಅದು ಸುಮಾರು 94. ಅಲಕ್ಷ್ಯದಿಂದ 25 ಪೌಂಡಿಗೆ ಇಳಿದ ಟೈರಿಗೆ 83. ತೋಡುಗಳು ಸವೆದು ಮಾಯವಾದ ಟೈರಿಗೆ, ಅಥವಾ ನೀರು ತೋಡಿಗಿಂತ ಆಳವಾಗಿದ್ದಾಗ ಸಲ್ಲುವ ಅಂದಾಜಿದು. ಒಳ್ಳೆಯ ತೋಡುಗಳು ಈ ವೇಗವನ್ನು ಮೇಲಕ್ಕೇರಿಸುತ್ತವೆ.

2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರುಗಳಿಗೆ ವಿಧಿಸಿದ ವೇಗಮಿತಿ 100 ಕಿಲೋಮೀಟರ್. ಹಿಂದೆ ಮದ್ದೂರು ಮಂಡ್ಯಗಳ ಪೇಟೆಬೀದಿಗಳಲ್ಲಿ ತೆವಳಿಕೊಂಡು ಬರುತ್ತಿದ್ದ ಕಾರು ಈಗ ಅದೇ ಟೈರುಗಳ ಮೇಲೆ, ಮಳೆಯಲ್ಲಿಯೂ, ಮೇಲಿನ ಲೆಕ್ಕದ ಗಡಿಯನ್ನು ಮುಟ್ಟಿ ಓಡುತ್ತದೆ. ರಸ್ತೆ ಬದಲಾದಾಗ ಟೈರಿನಿಂದ ಬಯಸಬೇಕಾದ ಗುಣವೂ ಬದಲಾಯಿತೆಂಬುದನ್ನು ಹೆಚ್ಚಿನವರು ಗಮನಿಸಿಲ್ಲ. ಊರೊಳಗೆ ಮಾತ್ರ ಓಡಾಡುವ ಪ್ರಾಧ್ಯಾಪಕರ ಕಾರಿಗೆ ಹಳೆಯ ಆವೃತ್ತಿ ಕಡಿಮೆ ಬೆಲೆಗೆ ದೊರೆತರೆ ಕೊಳ್ಳಲು ಅಡ್ಡಿಯಿಲ್ಲ. ವಾರಕ್ಕೆರಡು ಬಾರಿ ಬೆಂಗಳೂರಿಗೆ ಹೋಗಿ ಬರುವವರು ಒದ್ದೆ ಹಿಡಿತದಲ್ಲಿ ಮುಂದಿರುವುದಕ್ಕೆ ಹೆಚ್ಚು ಬೆಲೆ ಕೊಡುವುದು ಯುಕ್ತ.

ಇನ್ನು ಸಾಮಾನ್ಯವಾಗಿ ಜನ ಮಾಡುವ ಹೋಲಿಕೆಯ ವಿಚಾರ. ನಾಲ್ಕು ವರ್ಷ ಓಡಿ ಸವೆದ ಹಳೆಯ ಆವೃತ್ತಿಯನ್ನು ಕಳಚಿ, ಹೊಸ ಆವೃತ್ತಿಯನ್ನು ತೊಡಿಸಿ, ಅಂಗಡಿಯಿಂದ ಮನೆಗೆ ಬರುವಷ್ಟರಲ್ಲಿ ‘ಎಷ್ಟು ಮೆತ್ತಗೆ ಓಡುತ್ತದೆ, ಎಷ್ಟು ಹಿಡಿತ’ ಎಂದು ಉದ್ಗರಿಸುವುದು ಲೋಕಾನುಭವ. ಇಲ್ಲಿ ಹೋಲಿಕೆಯಾದದ್ದು ಹಳೆಯ ಆವೃತ್ತಿ ಮತ್ತು ಹೊಸ ಆವೃತ್ತಿಗಳಲ್ಲ. ಹಳೆಯ ಟೈರು ಮತ್ತು ಹೊಸ ಟೈರು. ಹೊಸದರಲ್ಲಿ ಸುಮಾರು 8 ಮಿಲಿಮೀಟರ್ ಆಳದ ತೋಡುಗಳಿರುತ್ತವೆ. ಕಾನೂನು ಒಪ್ಪುವ ಕನಿಷ್ಠ ಆಳ 1.6 ಮಿಲಿಮೀಟರ್, ಆದರೆ 3 ಮಿಲಿಮೀಟರಿಗೆ ಇಳಿಯುವ ಹೊತ್ತಿಗೇ ನಿಂತ ನೀರಿನಲ್ಲಿ ಟೈರಿನ ಸಾಮರ್ಥ್ಯ ಬಹಳವಾಗಿ ಕುಗ್ಗಿರುತ್ತದೆ. ವರ್ಷಗಳು ಕಳೆದಂತೆ ಆಮ್ಲಜನಕದ ಸಂಪರ್ಕದಿಂದ ರಬ್ಬರು ಗಟ್ಟಿಯಾಗುತ್ತದೆ. ವಿಚಿತ್ರವೆಂದರೆ, ಸವೆದ ಟೈರು ಎಲ್ಲದರಲ್ಲಿಯೂ ಕೀಳಲ್ಲ: ಗಟ್ಟಿಗಳು ಮೋಟಾಗಿರುವುದರಿಂದ ಒಣ ನೆಲದಲ್ಲಿ ಅದು ಕಡಿಮೆ ತುಯ್ಯುತ್ತದೆ, ಬಾಗಿ ಕಾಯುವ ರಬ್ಬರು ಕಡಿಮೆಯಾದ್ದರಿಂದ ಇಂಧನವನ್ನೂ ಉಳಿಸುತ್ತದೆ. ಹೊಸ ಆವೃತ್ತಿ ಹಾಕಿಸಿದ ಮೇಲೆ ಪೆಟ್ರೋಲು ಹೆಚ್ಚು ಹಿಡಿಯುತ್ತಿದೆ ಎಂದು ಗೊಣಗುವವರ ದೂರು ಬಹುಮಟ್ಟಿಗೆ ಇದರಿಂದ ಹುಟ್ಟಿದ್ದು. ಅದರಲ್ಲಿ ಆವೃತ್ತಿಯ ಅಪರಾಧವಿಲ್ಲ. ಟೈರು ಸವೆದ ಮೇಲೆ ಅದರ ಒದ್ದೆ ಹಿಡಿತ ಎಷ್ಟು ಉಳಿಯುತ್ತದೆಂಬುದನ್ನು ಪರೀಕ್ಷಿಸುವ ನಿಯಮ ಯೂರೋಪಿನಲ್ಲಿ 2024ರಿಂದ ಹೊಸ ಮಾದರಿಗಳಿಗೆ ಜಾರಿಗೆ ಬಂದಿದೆ. ಕೊಳ್ಳುವವನಿಗೆ ನಿಜವಾಗಿ ಬೇಕಾದ ಹೋಲಿಕೆ ಇದೇ ಎನ್ನಬೇಕು: ಟೈರು ಹೊಸದಾಗಿ ಇರುವುದು ಕೆಲವು ತಿಂಗಳು, ಸವೆದದ್ದಾಗಿ ಇರುವುದು ವರ್ಷಗಳು.

ಇಂಧನದ ಮಾತು ಬಂದುದರಿಂದ ಇನ್ನೊಂದು ಎಚ್ಚರಿಕೆ. ಉರುಳು ಪ್ರತಿರೋಧ ಶೇಕಡ 10ರಷ್ಟು ಕಡಿಮೆಯಾದರೆ ಇಂಧನದ ಉಳಿತಾಯ ಶೇಕಡ ಒಂದರಿಂದ ಎರಡರ ಒಳಗೆ ಇರುತ್ತದೆ. ಲೀಟರಿಗೆ 15 ಕಿಲೋಮೀಟರ್ ಓಡುವ ಕಾರು 35 ಲೀಟರಿನಲ್ಲಿ 525 ಕಿಲೋಮೀಟರ್ ಓಡಿದರೆ, ಶೇಕಡ ಒಂದೂವರೆಯ ಉಳಿತಾಯವೆಂದರೆ ಎಂಟು ಕಿಲೋಮೀಟರ್. ತೊಟ್ಟಿ ತುಂಬಿಸುವಾಗ ಬರುವ ಒಂದು ಲೀಟರಿನ ಹೆಚ್ಚುಕಡಮೆಯೇ ಹದಿನೈದು ಕಿಲೋಮೀಟರಿಗೆ ಸಮ. ಒಂದೆರಡು ತೊಟ್ಟಿಗಳ ಲೆಕ್ಕದಿಂದ ಆವೃತ್ತಿಗಳ ತಾರತಮ್ಯ ಹೇಳುವುದು ದಿನಸಿಯ ತಕ್ಕಡಿಯಲ್ಲಿ ಚಿನ್ನ ತೂಗಿದಂತೆ.

ನ್ಯಾಯವಾದ ಹೋಲಿಕೆಗೆ ಬೇಕಾದುದು ಏನು? ಒಂದೇ ಅಳತೆಯ ಟೈರುಗಳು, ಒಂದೇ ಕಾರು, ಒಂದೇ ಆಳದ ತೋಡು, ಸಮೀಪದ ತಯಾರಿಕಾ ದಿನ. ದಿನವನ್ನು ಪಕ್ಕೆಯ ಮೇಲಿನ ನಾಲ್ಕು ಅಂಕೆಗಳಿಂದ ತಿಳಿಯಬಹುದು. 3524 ಎಂದಿದ್ದರೆ 2024ನೆಯ ವರ್ಷದ 35ನೆಯ ವಾರ. ಒತ್ತಡವನ್ನು ಟೈರು ತಣ್ಣಗಿರುವಾಗ ಸರಿಪಡಿಸಬೇಕು. ಮುಂಜಾನೆ 20 ಡಿಗ್ರಿಯಲ್ಲಿ 32 ಪೌಂಡಿದ್ದ ಟೈರು ಓಡಿ 50 ಡಿಗ್ರಿಗೆ ಕಾದಾಗ ಸುಮಾರು ನಾಲ್ಕೂವರೆ ಪೌಂಡು ಏರಿರುತ್ತದೆ. ಅದನ್ನು ಕಂಡು ಗಾಳಿ ಬಿಡುವವರು ಮರುದಿನ ಬೆಳಿಗ್ಗೆ ಕೊರತೆಯ ಒತ್ತಡದಿಂದ ಹೊರಡುತ್ತಾರೆ. ಅನಂತರ ಕ್ರಮದ ಪ್ರಶ್ನೆ. ಬೆಳಿಗ್ಗೆ ಹಳೆಯದನ್ನೂ ಮಧ್ಯಾಹ್ನ ಹೊಸದನ್ನೂ ಪರೀಕ್ಷಿಸಿದರೆ, ನೆಲ ಕಾದುದರ ಫಲವೆಲ್ಲ ಹೊಸದರ ಲೆಕ್ಕಕ್ಕೆ ಸೇರುತ್ತದೆ. ಹಳೆಯದು, ಹೊಸದು, ಮತ್ತೆ ಹೊಸದು, ಕೊನೆಗೆ ಹಳೆಯದು ಎಂಬ ಕ್ರಮದಲ್ಲಿ ಸಮಾನ ಅಂತರಗಳಲ್ಲಿ ಓಡಿಸಿದರೆ, ಒಂದೇ ಸಮನೆ ಏರುವ ಉಷ್ಣತೆಯ ಪ್ರಭಾವ ಎರಡಕ್ಕೂ ಸಮವಾಗಿ ಹಂಚಿಹೋಗುತ್ತದೆ. ಒಂದೊಂದು ಓಟದಲ್ಲಿಯೂ ನಿಲ್ಲುವ ದೂರ ಒಂದೂವರೆ ಮೀಟರಿನಷ್ಟು ಚದರುತ್ತಿದ್ದರೆ, ತಲಾ ನಾಲ್ಕು ಓಟಗಳ ಸರಾಸರಿಗಳ ಅಂತರದಲ್ಲಿ ಸುಮಾರು 1.1 ಮೀಟರಿನ ಅನಿಶ್ಚಿತತೆ ಉಳಿಯುತ್ತದೆ. ಮೇಲೆ ಹೇಳಿದ ಎರಡು ಮೀಟರಿನ ವ್ಯತ್ಯಾಸವನ್ನು ಧೈರ್ಯವಾಗಿ ಸಾಧಿಸಬೇಕಾದರೆ ತಲಾ ಹತ್ತು ಓಟಗಳಾದರೂ ಬೇಕು. ಒಂದೇ ಬಾರಿ ಬ್ರೇಕು ಒತ್ತಿ ಬರೆದ ತೀರ್ಪುಗಳಿಗೆ ಎಷ್ಟು ಬೆಲೆಯೆಂಬುದು ಇದರಿಂದ ವಿದಿತವಾಗುತ್ತದೆ.

ಇಂಥ ಓಟಗಳು ಕಾಲೇಜುಗಳಿಗೆ ಶಕ್ಯವೂ ಅಲ್ಲ, ಸಾರ್ವಜನಿಕ ರಸ್ತೆಯಲ್ಲಿ ಉಚಿತವೂ ಅಲ್ಲ. ಆದರೆ ನೆಲದ ಉಷ್ಣತೆ ಹಿಡಿತವನ್ನು ಹೇಗೆ ಬದಲಿಸುತ್ತದೆಂಬುದನ್ನು ಮೇಜಿನ ಮೇಲೆಯೇ ಪರಿಶೀಲಿಸಬಹುದು. ಹೆದ್ದಾರಿಗಳ ಮೇಲ್ಮೈಯನ್ನು ಪರೀಕ್ಷಿಸಲು ಸಿವಿಲ್ ಇಂಜಿನಿಯರಿಂಗ್ ಪ್ರಯೋಗಶಾಲೆಗಳಲ್ಲಿ ಬಳಸುವ ಬ್ರಿಟಿಷ್ ಲೋಲಕ ಎಂಬ ಉಪಕರಣವಿದೆ. ಗೊತ್ತಾದ ಎತ್ತರದಿಂದ ಬೀಳುವ ಲೋಲಕದ ತುದಿಯ ರಬ್ಬರು ಪಟ್ಟಿ ಒದ್ದೆ ನೆಲವನ್ನು ಸವರಿಕೊಂಡು ಹೋಗುತ್ತದೆ. ಅದು ಆಚೆ ಎಷ್ಟು ಎತ್ತರಕ್ಕೆ ಏರಿತೆಂಬುದರಿಂದ ಘರ್ಷಣೆಯಲ್ಲಿ ಕಳೆದ ಶಕ್ತಿ ತಿಳಿಯುತ್ತದೆ. ರಬ್ಬರಿನ ಪುಟನೆ ಉಷ್ಣತೆಯೊಡನೆ ಬದಲಾಗುವುದರಿಂದ, ಸಾಮಾನ್ಯವಾಗಿ ಅಳತೆಯನ್ನು 20 ಡಿಗ್ರಿಗೆ ತಿದ್ದಿ ಬರೆಯುವುದು ಪದ್ಧತಿ. ನಮಗೆ ಬೇಕಾದುದು ಆ ತಿದ್ದುಪಡಿಯಲ್ಲಿ ಅಳಿಸಿಹೋಗುವ ಭಾಗವೇ. ಹಳೆಯ ಮತ್ತು ಹೊಸ ಆವೃತ್ತಿಗಳ ಗುಜರಿ ಟೈರುಗಳಿಂದ ಸಮನಾದ ಪಟ್ಟಿಗಳನ್ನು ಕೊಯ್ದು, ಗಡಸುತನವನ್ನು ಮೊದಲೇ ಅಳೆದಿಟ್ಟು, ಡಾಂಬರಿನ ಒಂದೇ ಹಲಗೆಯ ಮೇಲೆ 25, 40, 55 ಡಿಗ್ರಿಯ ನೀರು ಹೊಯ್ದು, ಮೇಲಿನ ಅದಲುಬದಲು ಕ್ರಮದಲ್ಲಿಯೇ ಲೋಲಕವನ್ನು ಬಿಟ್ಟು, ತಿದ್ದದ ಅಳತೆಗಳನ್ನು ಉಷ್ಣತೆಗೆ ಎದುರಾಗಿ ನಕ್ಷೆಯಲ್ಲಿ ಗುರುತಿಸಬಹುದು. ಎರಡು ರೇಖೆಗಳು ಸಮಾಂತರವಾಗಿ ಇಳಿಯುತ್ತವೆಯೋ, ಎಲ್ಲಿಯಾದರೂ ಒಂದನ್ನೊಂದು ಅಡ್ಡಹಾಯುತ್ತವೆಯೋ ಎಂಬುದು ನೋಡತಕ್ಕ ವಿಷಯ. ಅಡ್ಡಹಾಯ್ದರೆ, ತಂಪು ದೇಶದಲ್ಲಿ ಗೆದ್ದ ಆವೃತ್ತಿ ನಮ್ಮ ಬೇಸಗೆಯಲ್ಲಿ ಸೋಲುವ ಉಷ್ಣತೆ ಆ ಬಿಂದುವಿನಲ್ಲಿದೆ. ಲೋಲಕದ ಜಾರುವೇಗ ಗಂಟೆಗೆ ಸುಮಾರು 10 ಕಿಲೋಮೀಟರ್ ಮಾತ್ರ ಆಗಿರುವುದರಿಂದ, ಈ ಪ್ರಯೋಗ ಮಿಶ್ರಣದ ಗುಣವನ್ನು ಹೇಳಬಲ್ಲುದೇ ಹೊರತು ತೋಡುಗಳು ನೀರನ್ನು ಹೊರಹಾಕುವ ಶಕ್ತಿಯನ್ನು ಹೇಳಲಾರದು.